ಮಳೆಗಾಲದಲ್ಲಿ ಆಗುಂಬೆ ಸೀಮೆಗೆ: ಹೊರಡುವ ಮುನ್ನದಿಂದ ಮರಳಿ ಬರುವವರೆಗೆ

1946ರ ಆಗಸ್ಟ್ ತಿಂಗಳೊಂದರಲ್ಲೇ ಆಗುಂಬೆಯಲ್ಲಿ 4508 ಮಿ.ಮೀ. ಮಳೆ ಸುರಿದ ದಾಖಲೆಯಿದೆ. ಹರಿದುಹೋಗದೆ ನಿಂತಿದ್ದರೆ ಆ ನೀರು ಎರಡಾಳು ಎತ್ತರಕ್ಕೂ ಮಿಗಿಲಾಗುತ್ತಿತ್ತು. ಈಗಲೂ ಈ ಪುಟ್ಟ ಊರಿನ ವಾರ್ಷಿಕ ಸರಾಸರಿ ಮಳೆ 7000 ಮಿ.ಮೀ. ದಾಟುತ್ತದೆ. ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬರುವ ಗಾಳಿ ಕರಾವಳಿಯ ಬಯಲನ್ನು ದಾಟಿದ ಕೂಡಲೇ ಸೋಮೇಶ್ವರದ ಬಳಿ ಗೋಡೆಯಂತೆ ಎದ್ದುನಿಂತ ಘಟ್ಟಕ್ಕೆ ಬಡಿದು, ಮೇಲೇರಿ, ತಣಿದು, ಹೊತ್ತದ್ದನ್ನೆಲ್ಲ ಅಲ್ಲಿಯೇ ಇಳಿಸಿಬಿಡುವುದೇ ಇದಕ್ಕೆ ಕಾರಣ. ಅದೇ ಗಾಳಿ ಪೂರ್ವಕ್ಕೆ ಸಾಗಿ ಶಿವಮೊಗ್ಗ ತಲುಪುವಾಗ ಅದರಲ್ಲಿ ಉಳಿದಿರುವುದು ಮಳೆಯ ಸಣ್ಣದೊಂದು ಪಾಲು ಮಾತ್ರ.

ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಪ್ರತಿ ಜೂನ್‌ನಲ್ಲೂ ಬಯಲುಸೀಮೆಯ ನೆಂಟರಿಷ್ಟರಿಂದ ಒಂದೇ ಪ್ರಶ್ನೆ ಬರುತ್ತದೆ: ಮಳೆ ನೋಡಲು ಬರುತ್ತೇವೆ, ಎರಡು ದಿನದಲ್ಲಿ ಏನೇನು ನೋಡಬಹುದು? ಈ ಪ್ರಶ್ನೆಯಲ್ಲಿಯೇ ತೊಡಕಿದೆ. ಮಳೆ ನೋಡಲು ಬರುವವರು ಜಲಪಾತಗಳ ಪಟ್ಟಿ ಹಿಡಿದು ಬಂದರೆ, ಮಳೆ ಅವರಿಗೆ ಅಡ್ಡಿಯಾಗಿ ಮಾತ್ರ ಕಾಣಿಸುತ್ತದೆ. ಬೇಸಿಗೆಯಲ್ಲಿ ಒಂದು ದಿನಕ್ಕೆ ನಾಲ್ಕು ಜಾಗ ನೋಡಬಹುದಾದರೆ ಮಳೆಗಾಲದಲ್ಲಿ ಒಂದೇ ಸಾಕು ಎಂದುಕೊಂಡು, ಉಳಿದ ಹೊತ್ತನ್ನು ಮಳೆಗೇ ಬಿಟ್ಟುಕೊಡಬೇಕು. ಮುಂದಿನ ಹಂತಗಳನ್ನೆಲ್ಲ ಈ ಒಂದು ತಿಳಿವಳಿಕೆಯ ಮೇಲೆ ಬರೆದಿದ್ದೇನೆ.

ಹಂತ 1: ಯಾವ ಮಳೆಗೆ ಬರುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ

ಮಲೆನಾಡಿನವರು ಮಳೆಗಾಲವನ್ನು ತಿಂಗಳಿನಿಂದಲ್ಲ, ನಕ್ಷತ್ರದಿಂದ ಅಳೆಯುತ್ತಾರೆ. ಸುಮಾರು ಎರಡು ವಾರಕ್ಕೊಂದು ಮಳೆ ನಕ್ಷತ್ರ ಬದಲಾಗುತ್ತದೆ. ಪ್ರವಾಸದ ದಿನ ಗೊತ್ತುಮಾಡಲು ಇದಕ್ಕಿಂತ ಒಳ್ಳೆಯ ಪಂಚಾಂಗ ನನಗೆ ತಿಳಿದಿಲ್ಲ. ಜೂನ್ ಎರಡನೇ ವಾರದ ಮೃಗಶಿರಾ ಮಳೆಯನ್ನು ನಂಬುವಂತಿಲ್ಲ. ಕೆಲವು ವರ್ಷ ಹಿಡಿದು ಹೊಡೆಯುತ್ತದೆ, ಕೆಲವು ವರ್ಷ ಸೆಕೆಯಲ್ಲೇ ಮುಗಿಯುತ್ತದೆ. ಜೂನ್ 22ರ ಸುಮಾರಿಗೆ ಕೂಡುವ ಆರಿದ್ರಾ ಮಳೆಯೊಂದಿಗೆ ಹೊಳೆಗಳು ಕೆಂಪಾಗಿ ತುಂಬತೊಡಗುತ್ತವೆ. ಜುಲೈ ಮೊದಲ ವಾರದಿಂದ ಆಗಸ್ಟ್ ಆರಂಭದವರೆಗಿನ ಪುನರ್ವಸು ಮತ್ತು ಪುಷ್ಯ ಮಳೆಗಳು ಈ ಸೀಮೆಯ ನಿಜವಾದ ಮಳೆಗಾಲ. ಆಗ ದಿನಗಟ್ಟಲೆ ಸೂರ್ಯನ ಮುಖ ಕಾಣಿಸದು, ಮಧ್ಯಾಹ್ನ ಮೂರಕ್ಕೇ ಮನೆಯೊಳಗೆ ದೀಪ ಬೇಕಾಗುತ್ತದೆ. ಆಶ್ಲೇಷಾ ಮಳೆಯಲ್ಲೂ ಅಬ್ಬರ ಮುಂದುವರಿಯುವುದುಂಟು. ಆಗಸ್ಟ್ ಮಧ್ಯದ ಮಘಾ ಮಳೆಯಿಂದ ಮುಂದೆ ಹೊಳವು ಕಾಣಿಸುತ್ತದೆ, ಅಂದರೆ ಒಂದು ಮಳೆಗೂ ಇನ್ನೊಂದಕ್ಕೂ ನಡುವೆ ಬಿಡುವು ಸಿಗುತ್ತದೆ.

ಮೊದಲ ಸಲ ಬರುವವರು, ಮಕ್ಕಳನ್ನೂ ವಯಸ್ಸಾದವರನ್ನೂ ಕರೆತರುವವರು ಆಗಸ್ಟ್ ಕೊನೆಯ ವಾರದಿಂದ ಸೆಪ್ಟೆಂಬರ್ ಮಧ್ಯದವರೆಗಿನ ಅವಧಿಯನ್ನು ಆರಿಸಿಕೊಳ್ಳಲಿ. ಆಗ ಜಲಪಾತಗಳು ತುಂಬಿಯೇ ಇರುತ್ತವೆ, ಗದ್ದೆಗಳು ಹಸಿರಾಗಿ ನಿಂತಿರುತ್ತವೆ, ರಸ್ತೆಯ ಆತಂಕ ಕಡಿಮೆ. ಮಳೆಯನ್ನೇ ಅನುಭವಿಸಬೇಕೆನ್ನುವವರು ಪುಷ್ಯ ಮಳೆಗೆ ಬರಲಿ, ಆದರೆ ಒಂದೇ ಮನೆಯಲ್ಲಿ ಮೂರು ದಿನ ಕುಳಿತಿರುವ ಮನಸ್ಸಿನಿಂದ ಬರಲಿ. ಸಾಲು ರಜೆಗಳಲ್ಲಿ, ಮುಖ್ಯವಾಗಿ ಆಗಸ್ಟ್ 15ರ ಆಸುಪಾಸಿನಲ್ಲಿ, ಘಟ್ಟದ ತಿರುವುಗಳಲ್ಲಿ ವಾಹನಗಳೇ ತುಂಬಿರುತ್ತವೆ. ಆ ದಿನಗಳನ್ನು ತಪ್ಪಿಸಿ.

ಹಂತ 2: ಹೊರಡುವ ಹಿಂದಿನ ಸಂಜೆ ವಿಚಾರಿಸಿ

ಹವಾಮಾನ ಇಲಾಖೆಯ ಎಚ್ಚರಿಕೆಗಳಲ್ಲಿ ಹಳದಿ, ಕಿತ್ತಳೆ, ಕೆಂಪು ಎಂಬ ಮೂರು ಬಣ್ಣಗಳಿವೆ. ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ ಈ ಮೂರೂ ಜಿಲ್ಲೆಗಳ ಎಚ್ಚರಿಕೆಯನ್ನು ನೋಡಬೇಕು, ಏಕೆಂದರೆ ಆಗುಂಬೆ ಈ ಮೂರರ ಅಂಚಿನಲ್ಲಿದೆ. ಕೆಂಪು ಇದ್ದರೆ ಪ್ರವಾಸವನ್ನು ಮುಂದೂಡಿ. ಇದಕ್ಕಿಂತ ಸುಲಭವಾದ ಇನ್ನೊಂದು ಲೆಕ್ಕವೂ ಇದೆ: ಜಿಲ್ಲಾಧಿಕಾರಿಗಳು ಮಳೆಯ ಕಾರಣಕ್ಕೆ ಶಾಲೆಗಳಿಗೆ ರಜೆ ಕೊಟ್ಟ ದಿನ ಪ್ರವಾಸಿಗರೂ ರಸ್ತೆಗೆ ಇಳಿಯಬಾರದು. ಮಳೆಯಲ್ಲೇ ಬೆಳೆದ ಮಕ್ಕಳು ದಾಟಬಾರದ ಹಳ್ಳವನ್ನು ಹೊರಗಿನಿಂದ ಬಂದವರು ದಾಟುವುದು ಸರಿಯಲ್ಲ.

ಪತ್ರಿಕೆಗಳಲ್ಲಿ ತೀರ್ಥಹಳ್ಳಿಯ ರಾಮಮಂಟಪ ಮುಳುಗಿತು ಎಂಬ ಸುದ್ದಿಯೋ, ಶೃಂಗೇರಿಯಲ್ಲಿ ಕಪ್ಪೆ ಶಂಕರ ಗುಡಿ ಜಲಾವೃತ ಎಂಬ ಸುದ್ದಿಯೋ ಬಂದರೆ ತುಂಗೆ ತುಂಬಿ ಹರಿಯುತ್ತಿದ್ದಾಳೆ ಎಂದೇ ಅರ್ಥ. ನದಿಯ ಮಟ್ಟ ತಿಳಿಯಲು ನಮ್ಮವರು ತಲೆಮಾರುಗಳಿಂದ ನೋಡುತ್ತ ಬಂದ ಗುರುತುಗಳು ಇವು. ಕೊನೆಯದಾಗಿ, ಉಳಿಯುವ ಮನೆಯವರಿಗೆ ಫೋನ್ ಮಾಡಿ, ಗೇಟಿನವರೆಗೆ ವಾಹನ ಬರುತ್ತಿದೆಯೇ ಎಂದು ಕೇಳಿ.

ಹಂತ 3: ದಾರಿಯನ್ನು ಗೊತ್ತುಮಾಡಿಕೊಳ್ಳಿ

ಬೆಂಗಳೂರಿನಿಂದ ಆಗುಂಬೆ ಸುಮಾರು 360 ಕಿ.ಮೀ. ದೂರದಲ್ಲಿದೆ. ಶಿವಮೊಗ್ಗದವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ತೀರ್ಥಹಳ್ಳಿಯ ಮೂಲಕ ಬಸ್ಸಿನಲ್ಲಿ ಸಾಗುವುದು ಮಳೆಗಾಲಕ್ಕೆ ನನ್ನ ಮೊದಲ ಆಯ್ಕೆ. ರಾತ್ರಿ ಬಸ್ಸಿನಲ್ಲಿ ನೇರವಾಗಿ ತೀರ್ಥಹಳ್ಳಿಗೋ ಶೃಂಗೇರಿಗೋ ಬಂದಿಳಿಯಲೂಬಹುದು. ಕರಾವಳಿಯ ಕಡೆಯಿಂದ ಬರುವವರಿಗೆ ಉಡುಪಿ, ಹೆಬ್ರಿ, ಸೋಮೇಶ್ವರದ ಮೂಲಕ 14 ಹಿಮ್ಮುರಿ ತಿರುವುಗಳ ಆಗುಂಬೆ ಘಾಟಿಯೇ ದಾರಿ. ಉಡುಪಿಯಿಂದ ಸುಮಾರು 55 ಕಿ.ಮೀ. ಈ ಘಾಟಿಯಲ್ಲಿ ಭಾರೀ ವಾಹನಗಳಿಗೆ ಅವಕಾಶವಿಲ್ಲ. ದೊಡ್ಡ ಬಸ್ಸು ಮಾಡಿಕೊಂಡು ಬರುವ ತಂಡಗಳು ಇದನ್ನು ಮೊದಲೇ ತಿಳಿದಿರಬೇಕು. ಗುಡ್ಡ ಜರಿದಾಗ ಘಾಟಿ ಪೂರ್ತಿ ಮುಚ್ಚುವುದೂ ಉಂಟು. ಆಗ ಶೃಂಗೇರಿ, ಕೆರೆಕಟ್ಟೆ, ಕಾರ್ಕಳದ ದಾರಿ ತೆರೆದಿದೆಯೇ ಎಂದು ವಿಚಾರಿಸಿ.

ಸ್ವಂತ ಕಾರಿನಲ್ಲಿ ಬರುವವರು ಹೊರಡುವ ಮೊದಲು ವೈಪರ್ ರಬ್ಬರ್ ಬದಲಿಸಿ, ಟೈರಿನ ಅಚ್ಚು ಸವೆದಿದೆಯೇ ನೋಡಿ. ಘಾಟಿಯಲ್ಲಿ ಏರುವ ವಾಹನಕ್ಕೆ ಮೊದಲು ದಾರಿ ಬಿಡಬೇಕು. ಇಳಿಯುವಾಗ ಬ್ರೇಕಿನ ಮೇಲೆಯೇ ಭಾರ ಹಾಕದೆ ಎರಡನೇ ಗೇರಿನಲ್ಲಿ ಇಳಿಯಬೇಕು, ಪ್ರತಿ ತಿರುವಿನಲ್ಲೂ ಹಾರ್ನ್ ಹಾಕಬೇಕು. ಮಂಜು ಕವಿದಾಗ ಹೆಡ್‌ಲೈಟನ್ನು ಮೇಲಕ್ಕೆ ಹಾಕಿದರೆ ಬೆಳಕು ಮಂಜಿಗೆ ತಾಗಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ, ತಗ್ಗಿಸಿ ಇಟ್ಟುಕೊಳ್ಳಿ. ರಸ್ತೆ ಬದಿಯಲ್ಲಿ ನೀರು ಧುಮುಕುವ ಕಡೆ ನಿಲ್ಲಿಸಬೇಡಿ, ಏಕೆಂದರೆ ಆ ನೀರಿನೊಂದಿಗೆ ಕಲ್ಲೂ ಬರುತ್ತದೆ. ತಿರುವುಗಳಲ್ಲಿ ಕಾದು ಕುಳಿತಿರುವ ಮಂಗಗಳಿಗೆ ಏನನ್ನೂ ಎಸೆಯಬೇಡಿ. ಆಹಾರಕ್ಕಾಗಿ ರಸ್ತೆಗೆ ಬಂದು ಚಕ್ರಕ್ಕೆ ಸಿಕ್ಕಿ ಸಾಯುವ ಮಂಗಗಳನ್ನು ಕಂಡು ಸಂಕಟಪಟ್ಟಿದ್ದೇನೆ.

ಕತ್ತಲಾಗುವ ಮೊದಲು ತಲುಪಲೇಬೇಕು. ಒಮ್ಮೆ ಜುಲೈನಲ್ಲಿ ತೀರ್ಥಹಳ್ಳಿಯಿಂದ ಸಂಜೆ ಐದಕ್ಕೆ ಹೊರಟೆವು. ಆಗುಂಬೆಗೆ ಹತ್ತು ಕಿ.ಮೀ. ಇರುವಾಗ ದೊಡ್ಡದೊಂದು ಮರ ರಸ್ತೆಗೆ ಅಡ್ಡಲಾಗಿ ಮಲಗಿತ್ತು. ಫೋನಿಗೆ ಸಿಗ್ನಲ್ ಇಲ್ಲ, ಹಿಂದೆ ಮುಂದೆ ವಾಹನಗಳ ಸಾಲು, ಕಾರಿನಲ್ಲಿ ಹಸಿದ ಎರಡು ಮಕ್ಕಳು. ಸಮೀಪದ ಊರಿನವರು ಕಂಬಳಿಕೊಪ್ಪೆ ಹಾಕಿಕೊಂಡು ಕೊಡಲಿ, ಗರಗಸ ಹಿಡಿದು ಬಂದು, ಟಾರ್ಚಿನ ಬೆಳಕಿನಲ್ಲಿ ಕೊಂಬೆ ಕೊಂಬೆಯಾಗಿ ಕಡಿದು ದಾರಿ ಬಿಡಿಸುವಾಗ ರಾತ್ರಿ ಒಂಬತ್ತೂವರೆ. ಅಂದಿನಿಂದ ಇಡೀ ದಿನಕ್ಕಾಗುವಷ್ಟು ಕುಡಿಯುವ ನೀರು, ಬಾಳೆಹಣ್ಣು, ಒಂದು ಡಬ್ಬಿ ಚಕ್ಕುಲಿ ಇಲ್ಲದೆ ನಾನು ಆ ರಸ್ತೆಗೆ ಇಳಿದಿಲ್ಲ.

ಹಂತ 4: ಉಳಿಯುವ ಮನೆ

ಆಗುಂಬೆಯಲ್ಲಿ ವಸತಿಗೃಹಗಳು ಬೆರಳೆಣಿಕೆಯಷ್ಟೇ; ಆದರೆ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯ ಕಡೆ ಹೋಮ್‌ಸ್ಟೇಗಳು ಸಾಕಷ್ಟಿವೆ. ಚಿತ್ರಗಳನ್ನು ನೋಡಿ ತೀರ್ಮಾನಿಸದೆ ನಾಲ್ಕು ಪ್ರಶ್ನೆ ಕೇಳಿ. ಮನೆಗೆ ಹೋಗಲು ಹಳ್ಳ ದಾಟಬೇಕೇ, ದಾಟಬೇಕಾದರೆ ಸೇತುವೆಯೋ ಕಾಲುಸಂಕವೋ? ಎರಡು ಮೂರು ದಿನ ಕರೆಂಟು ಹೋದರೆ ಏನು ವ್ಯವಸ್ಥೆ? ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ? ಬಚ್ಚಲಲ್ಲಿ ಹಂಡೆ ಒಲೆ ಇದೆಯೇ? ಕೊನೆಯದು ಸಣ್ಣ ಪ್ರಶ್ನೆಯಂತೆ ಕಾಣಿಸಬಹುದು. ಕರೆಂಟಿಲ್ಲದ ದಿನ ಕಟ್ಟಿಗೆಯ ಒಲೆಯೊಂದಿದ್ದರೆ ಬಿಸಿನೀರೂ ಸಿಗುತ್ತದೆ, ಒದ್ದೆ ಬಟ್ಟೆಯೂ ಒಣಗುತ್ತದೆ. ಅದಿಲ್ಲದ ಮನೆಯಲ್ಲಿ ಎರಡನೇ ದಿನ ಹಾಕಿಕೊಳ್ಳಲು ಒಣಬಟ್ಟೆ ಇರುವುದಿಲ್ಲ.

ಅಡಿಕೆ ಬೆಳೆಗಾರರ ಮನೆಯಲ್ಲಿ ಉಳಿದರೆ ಅವರ ಕೆಲಸದ ಹೊತ್ತನ್ನು ಅರಿತುಕೊಳ್ಳಿ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ತಗಲುತ್ತದೆ. ಅದನ್ನು ತಡೆಯಲು ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸಬೇಕು. ಅದಕ್ಕೆ ಸಿಗುವುದು ಮಳೆ ಬಿಟ್ಟ ಒಂದೆರಡು ಗಂಟೆಯ ಹೊಳವು ಮಾತ್ರ. ಕೆಲವರು ಗೊನೆಗಳಿಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತಾರೆ. ನಿಮಗೆ ತಿರುಗಾಡಲು ಅನುಕೂಲವೆನಿಸಿದ ಆ ಹೊಳವು ಅವರಿಗೆ ಇಡೀ ವರ್ಷದ ಬೆಳೆಯ ಪ್ರಶ್ನೆ. ಆ ಹೊತ್ತಿನಲ್ಲಿ ಜೊತೆಗೆ ಬರುವಂತೆ ಒತ್ತಾಯಿಸಬೇಡಿ, ಔಷಧಿ ಹೊಡೆಯುತ್ತಿರುವ ತೋಟದೊಳಗೆ ಹೋಗಬೇಡಿ.

ಹಂತ 5: ಚೀಲ ಕಟ್ಟುವ ಕ್ರಮ

ಜೀನ್ಸ್ ಬೇಡ. ಒಮ್ಮೆ ನೆನೆದರೆ ಅದು ಇಲ್ಲಿ ಒಣಗುವುದೇ ಇಲ್ಲ. ತೆಳ್ಳಗಿನ, ಬೇಗ ಆರುವ ಬಟ್ಟೆಗಳನ್ನು ತನ್ನಿ. ರಾತ್ರಿಗೆಂದು ಒಂದು ಜೊತೆ ಬೆಚ್ಚನೆಯ ಬಟ್ಟೆಯನ್ನು ಬೇರೆಯಾಗಿ ಕಟ್ಟಿ, ಎಷ್ಟೇ ನೆನೆದರೂ ಅದನ್ನು ಹೊರಗೆ ಹಾಕಿಕೊಂಡು ಹೋಗಬೇಡಿ. ಚೀಲದ ಹೊರಗೆ ಹೊದಿಸುವ ಕವರಿಗಿಂತ ಚೀಲದ ಒಳಗೆ ದಪ್ಪನೆಯ ಪ್ಲಾಸ್ಟಿಕ್ ಚೀಲವಿಟ್ಟು, ಅದರೊಳಗೆ ಬಟ್ಟೆ ತುಂಬಿ ಬಾಯಿ ಕಟ್ಟುವುದು ಉಪಯುಕ್ತ. ಊರಿನ ರಸ್ತೆಗೆ ಕೊಡೆ ಸಾಕು, ಗಾಳಿಗೆ ಒಡ್ಡಿದ ಗುಡ್ಡದ ಮೇಲೆ ಅದು ಉಲ್ಟಾ ಆಗುತ್ತದೆ. ರೇನ್‌ಕೋಟ್ ಬೇಕೇ ಬೇಕು. ಕಾಲಿಗೆ ಚರ್ಮದ ಶೂ ಬೇಡ. ತೋಟದ ಕೆಲಸಗಾರರು ಹಾಕುವ, ಹಿಡಿತವಿರುವ ರಬ್ಬರ್ ಶೂಗಳು ತೀರ್ಥಹಳ್ಳಿಯ ಪೇಟೆಯಲ್ಲೇ ಕಡಿಮೆ ಬೆಲೆಗೆ ಸಿಗುತ್ತವೆ. ದೊಡ್ಡ ಬೆಲೆಯ ಶೂಗಳಿಗಿಂತ ಅವೇ ಇಲ್ಲಿ ಚೆನ್ನಾಗಿ ಬಾಳುತ್ತವೆ. ಟಾರ್ಚು, ನಗದು ಹಣ, ದಿನನಿತ್ಯದ ಮಾತ್ರೆಗಳು ಲೆಕ್ಕಕ್ಕಿಂತ ಎರಡು ದಿನದ್ದು ಹೆಚ್ಚಿಗೆ ಇರಲಿ.

ಹಂತ 6: ಇಂಬಳ, ಹಾವಸೆ, ಹಾವು

ಇಂಬಳಕ್ಕೆ ಹೆದರಿ ಕಾಡಿಗೆ ಕಾಲಿಡದವರನ್ನು ಕಂಡಿದ್ದೇನೆ. ಇಂಬಳವೆಂದರೆ ಕಾಡಿನ ನೆಲದಲ್ಲಿರುವ, ರಕ್ತ ಹೀರುವ ಜಿಗಣೆ; ಸಾಗರ, ಶಿರಸಿಯ ಕಡೆ ಇದನ್ನೇ ಉಂಬಳ ಎನ್ನುತ್ತಾರೆ. ತರಗೆಲೆಯ ಮೇಲೆ ಒಂದು ನಿಮಿಷ ಅಲುಗಾಡದೆ ನಿಂತು ನೋಡಿ: ದಾರದೆಳೆಯಷ್ಟು ಸಪೂರವಾದ ಜೀವವೊಂದು ಬಾಲದ ತುದಿಯನ್ನು ಎಲೆಗೆ ಊರಿ, ಮುಂದಿನ ತುದಿಯನ್ನು ಗಾಳಿಯಲ್ಲಿ ಎತ್ತಿ ಆಚೀಚೆ ತಡಕಾಡುತ್ತದೆ, ನಿಮ್ಮ ಉಸಿರಿನ, ಮೈಬಿಸಿಯ ಸುಳಿವು ಸಿಕ್ಕ ಕೂಡಲೇ ಗೇಣು ಹಾಕುತ್ತ ಅಳೆದಂತೆ ನಿಮ್ಮತ್ತ ಬರತೊಡಗುತ್ತದೆ. ಶೂವಿನ ಅಂಚು ಹತ್ತಿ, ಕಾಲುಚೀಲದ ನೇಯ್ಗೆಯ ಸಂದಿನಲ್ಲಿ ತೂರಿ, ಕಚ್ಚಿದ್ದೇ ತಿಳಿಯದಂತೆ ಕಚ್ಚುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಅದರ ಜೊಲ್ಲಿನಲ್ಲಿರುವುದರಿಂದ, ಅದು ಬಿದ್ದುಹೋದ ಮೇಲೂ ಬಹಳ ಹೊತ್ತು ರಕ್ತ ಒಸರುತ್ತದೆ. ನೋಡಲು ಗಾಬರಿಯಾದರೂ ಇದರಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ವೈದ್ಯರನ್ನು ಕೇಳಿಕೊಳ್ಳಬೇಕು.

ಒತ್ತಾದ ನೇಯ್ಗೆಯ ಬಟ್ಟೆಯಿಂದ ಹೊಲಿದ ಮೊಣಕಾಲುದ್ದದ ಚೀಲವನ್ನು ಪ್ಯಾಂಟಿನ ಮೇಲೆ ಹಾಕಿ ಕಟ್ಟಿಕೊಳ್ಳುವುದೇ ಒಳ್ಳೆಯ ರಕ್ಷಣೆ. ನಮ್ಮವರು ಕೊಬ್ಬರಿ ಎಣ್ಣೆಗೆ ನಶ್ಯವನ್ನೋ ಸುಣ್ಣವನ್ನೋ ಬೆರೆಸಿ ಕಾಲಿಗೆ ಹಚ್ಚುತ್ತಾರೆ, ಆದರೆ ಜೋರು ಮಳೆಯಲ್ಲಿ ಅದು ಬೇಗ ತೊಳೆದುಹೋಗುತ್ತದೆ. ಕಚ್ಚಿದ್ದನ್ನು ಎಳೆದು ಕೀಳಬೇಡಿ. ಚರ್ಮಕ್ಕೆ ಉಗುರನ್ನು ಒತ್ತಿ ಬದಿಯಿಂದ ಜಾರಿಸಿದರೆ ಬಿಡುತ್ತದೆ. ಆಮೇಲೆ ಸೋಪಿನಿಂದ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ.

ಇಂಬಳಕ್ಕಿಂತ ಸಾವಿರ ಪಾಲು ಹೆಚ್ಚು ಹೆದರಬೇಕಾದದ್ದು ಹಾವಸೆಗೆ. ಮಳೆ ಶುರುವಾಗಿ ಕೆಲವೇ ದಿನಗಳಲ್ಲಿ ಕಲ್ಲು, ಮೆಟ್ಟಿಲು, ಅಂಗಳ ಎಲ್ಲದರ ಮೇಲೂ ಹಸಿರು ಪಾಚಿ ಕಟ್ಟುತ್ತದೆ. ಅದರ ಮೇಲೆ ಯಾವ ಶೂವೂ ನಿಲ್ಲದು. 2023ರ ಜುಲೈನಲ್ಲಿ ಕೊಲ್ಲೂರಿನ ಸಮೀಪದ ಅರಿಶಿನಗುಂಡಿ ಜಲಪಾತದ ಎದುರು ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಕ್ಷಣಮಾತ್ರದಲ್ಲಿ ಜಾರಿ ಕೊಚ್ಚಿಹೋದ. ಮಳೆಗಾಲದಲ್ಲಿ ಹರಿಯುವ ನೀರಿನ ಅಂಚಿನಿಂದ ಹತ್ತಡಿ ದೂರವೇ ನಿಲ್ಲಿ. ನೀವು ನಿಂತಲ್ಲಿ ಮಳೆಯಿಲ್ಲದಿದ್ದರೂ ಮೇಲಿನ ಗುಡ್ಡದಲ್ಲಿ ಸುರಿದ ನೀರು ಒಮ್ಮೆಗೇ ಬರುತ್ತದೆ. ನೀರಿನ ಬಣ್ಣ ಕೆಂಪಾದರೆ, ಕಸಕಡ್ಡಿ ತೇಲಿ ಬರತೊಡಗಿದರೆ ಹಿಂದೆ ಸರಿಯಿರಿ.

ಕಾಳಿಂಗ ಸರ್ಪದ ನಾಡಿದು. 2005ರಲ್ಲಿ ಇಲ್ಲಿ ಆರಂಭವಾದ ಮಳೆಕಾಡು ಸಂಶೋಧನಾ ಕೇಂದ್ರದವರು ಕಾಳಿಂಗಗಳಿಗೆ ರೇಡಿಯೊ ಟ್ರಾನ್ಸ್‌ಮಿಟರ್ ಅಳವಡಿಸಿ ಅವುಗಳ ಸಂಚಾರವನ್ನು ಅಧ್ಯಯನ ಮಾಡಿದ್ದಾರೆ. ಅದು ಮನುಷ್ಯನನ್ನು ಕಂಡರೆ ಸರಿದುಹೋಗುವ ಪ್ರಾಣಿ. ಪ್ರವಾಸಿಗರಿಗೆ ಹೆಚ್ಚು ಹತ್ತಿರವಾಗುವುದು ಮೊಣಕಾಲೆತ್ತರದ ಗಿಡಗಳಲ್ಲಿ ಎಲೆಯದೇ ಬಣ್ಣ ತಾಳಿ ಅಲುಗಾಡದೆ ಕೂರುವ ಗುಳಿಮಂಡಲ ಜಾತಿಯ ಹಾವುಗಳು. ಅವುಗಳ ವಿಷಕ್ಕೆಂದೇ ತಯಾರಿಸಿದ ಪ್ರತಿವಿಷ ನಮ್ಮಲ್ಲಿಲ್ಲ. ಭಾರತದಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ ತಯಾರಾದದ್ದು. ಆದ್ದರಿಂದ ಗಿಡ ಹಿಡಿದು ಹತ್ತುವ ಮುನ್ನ, ಕೈ ಊರುವ ಮುನ್ನ ನೋಡಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಆ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ, 108ಕ್ಕೆ ಕರೆ ಮಾಡಿ.

ಮಂಗನ ಕಾಯಿಲೆಯ ಬಗ್ಗೆ ಹಲವರು ಕೇಳುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಉಣುಗುಗಳಿಂದ ಹರಡುತ್ತದೆ. ಅದರ ಹಾವಳಿ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ, ಮಳೆಗಾಲದಲ್ಲಿ ಅಷ್ಟಾಗಿ ಇಲ್ಲ. ಮಳೆಗಾಲದಲ್ಲಿ ಎಚ್ಚರ ವಹಿಸಬೇಕಾದದ್ದು ಇಲಿಜ್ವರಕ್ಕೆ. ಕಾಲಿನಲ್ಲಿ ಗಾಯವಿದ್ದರೆ ಗದ್ದೆಯ ಕೆಸರಿಗೆ ಬರಿಗಾಲಲ್ಲಿ ಇಳಿಯಬೇಡಿ.

ಹಂತ 7: ದಿನಕ್ಕೊಂದೇ ಜಾಗ

ಆಗುಂಬೆಯ ಸೂರ್ಯಾಸ್ತವನ್ನು ಮಳೆಗಾಲದಲ್ಲಿ ಮರೆತುಬಿಡಿ. ಆ ಕಟ್ಟೆಯ ಮೇಲೆ ನಿಂತರೆ ಕಾಣುವುದು ಮಂಜು ಮಾತ್ರ. ಒನಕೆ ಅಬ್ಬಿ, ಬರ್ಕಣದಂಥ ಕಾಡಿನೊಳಗಿನ ಜಲಪಾತಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಮಳೆ ಜೋರಿದ್ದಾಗ ಅಲ್ಲಿಗೆ ಬಿಡುವುದಿಲ್ಲ. ಹಣ ಕೊಟ್ಟರೆ ಹಿಂದಿನ ದಾರಿಯಿಂದ ಕರೆದೊಯ್ಯುತ್ತೇನೆ ಎನ್ನುವವರ ಮಾತಿಗೆ ಮರುಳಾಗಬೇಡಿ. ಆಗುಂಬೆ ಮೀಸಲು ಅರಣ್ಯ ಮತ್ತು ಸೋಮೇಶ್ವರ ಅಭಯಾರಣ್ಯಗಳು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ಭಾಗಗಳು. ಸಿಂಗಳೀಕಗಳು ಉಳಿದಿರುವ ಕೆಲವೇ ಕಾಡುಗಳಲ್ಲಿ ಇವೂ ಸೇರಿವೆ. ಅಲ್ಲಿ ನಿಯಮ ಮುರಿದರೆ ಅದರ ಪೆಟ್ಟು ಕಾಡಿಗೂ ಬೀಳುತ್ತದೆ.

ನೋಡಲೇಬೇಕಾದ ಜಲಪಾತವೆಂದರೆ ನನ್ನ ಮಟ್ಟಿಗೆ ಸಿರಿಮನೆ. ಶೃಂಗೇರಿಯಿಂದ ಕಿಗ್ಗದ ಮೂಲಕ ಅಲ್ಲಿಗೆ ರಸ್ತೆಯಿದೆ, ಇಳಿಯಲು ಮೆಟ್ಟಿಲುಗಳಿವೆ, ದೂರದಿಂದಲೇ ತೃಪ್ತಿಯಾಗುವಷ್ಟು ಕಾಣುತ್ತದೆ. ಹೋಗುವಾಗ ಕಿಗ್ಗದ ಋಷ್ಯಶೃಂಗೇಶ್ವರನ ಗುಡಿಯಲ್ಲಿ ನಿಲ್ಲಿ. ಬರ ಬಂದಾಗ ಮಳೆ ಬರಲೆಂದೂ ಅತಿಯಾದಾಗ ಮಳೆ ನಿಲ್ಲಲೆಂದೂ ನಾಡಿನ ಜನ ಬಂದು ಪೂಜೆ ಸಲ್ಲಿಸುವುದು ಈ ದೇವರಿಗೇ. ಮತ್ತೊಂದು ದಿನ ಹೊಳವಿದ್ದರೆ ಕುಂದಾದ್ರಿಗೆ ಹೋಗಿ. ಬೆಟ್ಟದ ತುದಿಯವರೆಗೂ ರಸ್ತೆಯಿದೆ, ಆದರೆ ಕಡಿದಾದದ್ದು. ಮೇಲೆ ಪಾರ್ಶ್ವನಾಥನ ಬಸದಿ, ಬಂಡೆಯ ನಡುವೆ ಕೊಳ, ಮಂಜು ಒಂದು ಗಳಿಗೆ ಸರಿದಾಗ ಕೆಳಗೆ ಗದ್ದೆ ತೋಟಗಳ ಹಸಿರು. ಮಳೆ ಬಿಡದ ದಿನಕ್ಕೆ ಕುಪ್ಪಳಿಯನ್ನು ಇಟ್ಟುಕೊಳ್ಳಿ. ಕುವೆಂಪು ಬಾಲ್ಯ ಕಳೆದ ಆ ಮನೆ ಈಗ ವಸ್ತುಸಂಗ್ರಹಾಲಯ. ಅದರ ತೊಟ್ಟಿಯ ಅಂಗಳಕ್ಕೆ ನಾಲ್ಕೂ ಕಡೆಯ ಹಂಚಿನಿಂದ ನೀರು ಇಳಿಯುವುದನ್ನು ನೋಡುತ್ತ ನಿಂತರೆ ಮಲೆನಾಡಿನ ಮನೆಗಳನ್ನು ಹಾಗೇಕೆ ಕಟ್ಟಿದರೆಂದು ತಿಳಿಯುತ್ತದೆ.

ಉಳಿದ ಹೊತ್ತೆಲ್ಲ ಜಗುಲಿಯಲ್ಲಿ ಕಳೆಯಿರಿ. ಮುಂಜಾನೆ ಐದೂವರೆಗೆ ಎದ್ದರೆ ಹಳ್ಳದ ಕಡೆಯಿಂದ ಸಿಳ್ಳಾರ ಹಕ್ಕಿಯ ದನಿ ಕೇಳಬಹುದು. ಪಾಠ ಮರೆತ ಹುಡುಗನೊಬ್ಬ ಶಿಳ್ಳೆ ಹಾಕುತ್ತ ನಡೆದಂತೆ ಇರುತ್ತದೆ ಅದು. ರಾತ್ರಿ ದೀಪವಾರಿಸಿ ಕುಳಿತರೆ ಕಪ್ಪೆಗಳ ಕೂಗು ಒಂದೊಂದೇ ಬೇರೆ ಬೇರೆಯಾಗಿ ಬಿಡಿಸಿಕೊಳ್ಳುತ್ತದೆ.

ಹಂತ 8: ಊಟ

ಈ ಕಾಲಕ್ಕೆ ಮಾತ್ರ ಸಿಗುವುದನ್ನು ಕೇಳಿ ಪಡೆಯಿರಿ: ಕಳಲೆ ಪಲ್ಯ, ಕೆಸುವಿನೆಲೆಯ ಪತ್ರೊಡೆ, ಅದೃಷ್ಟವಿದ್ದರೆ ಅಣಬೆ ಸಾರು, ಮೀನು ತಿನ್ನುವವರಿಗೆ ಗದ್ದೆಗೆ ಹತ್ತಿ ಬಂದ ಹತ್ತುಮೀನು. ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿದ ಮೇಲೆಯೇ ಅಡುಗೆಗೆ ಬಳಸುತ್ತಾರೆ. ಆದ್ದರಿಂದ ಬೇಕೆಂದಿದ್ದರೆ ಬರುವ ಮೊದಲೇ ತಿಳಿಸಿ. ಅಣಬೆಯನ್ನು ನೀವೇ ಕಿತ್ತು ತರಬೇಡಿ, ವಿಷದ ಅಣಬೆಯನ್ನು ಗುರುತಿಸುವುದು ಊರಿನವರಿಗೂ ಸುಲಭವಲ್ಲ. ಬೇಸಿಗೆಯಲ್ಲಿ ಮಾಡಿಟ್ಟ ಹಲಸಿನ ಹಪ್ಪಳವನ್ನು ಕೆಂಡದಲ್ಲಿ ಸುಟ್ಟು, ಮೇಲೆ ಕೊಬ್ಬರಿ ಎಣ್ಣೆ ಸವರಿ ಕಾಯಿಚೂರಿನೊಂದಿಗೆ ಕೊಟ್ಟರೆ ಬೇಡವೆನ್ನಬೇಡಿ. ನೀರನ್ನು ಕುದಿಸಿಯೇ ಕುಡಿಯಿರಿ, ಮಳೆಗಾಲದಲ್ಲಿ ಬಾವಿಯ ನೀರೂ ಕದಡಿರುತ್ತದೆ.

ಹಂತ 9: ಮರಳಿದ ಮೇಲೆ

ಕ್ಯಾಮೆರಾ, ಫೋನುಗಳನ್ನು ಒರೆಸಿ ಗಾಳಿಯಾಡುವಲ್ಲಿ ಇಡಿ. ಬಟ್ಟೆಗಳನ್ನು ಅದೇ ದಿನ ಒಗೆಯಿರಿ, ತಡವಾದರೆ ಬೂಷ್ಟಿನ ಕಲೆ ಹೋಗುವುದಿಲ್ಲ. ಇಂಬಳ ಕಚ್ಚಿದಲ್ಲಿ ಕೆಲವು ದಿನ ತುರಿಕೆಯಿರುತ್ತದೆ, ಉಗುರು ತಾಗಿಸಬೇಡಿ. ಎರಡು ವಾರದೊಳಗೆ ಜ್ವರ ಬಂದರೆ ಮಲೆನಾಡಿಗೆ ಹೋಗಿ ಬಂದದ್ದನ್ನು ವೈದ್ಯರಿಗೆ ಮರೆಯದೆ ಹೇಳಿ. ಚೀಲವನ್ನು ಮಾತ್ರ ಮನೆಯೊಳಗೆ ಬಿಚ್ಚದೆ ಬಿಸಿಲಿನಲ್ಲಿ ಒಳಹೊರಗು ಮಾಡಿ ಕೊಡವಿ; ಅದರ ಮೂಲೆಯಲ್ಲಿ ಇಂಬಳವೊಂದು ಆಗುಂಬೆಯಿಂದ ಬೆಂಗಳೂರಿನವರೆಗೆ ಬಂದಿಳಿದದ್ದನ್ನು ನನ್ನ ನೆಂಟರ ಮನೆಯಲ್ಲಿ ನಾನೇ ಕಂಡಿದ್ದೇನೆ.